ಗಂಟೆಯಿಲ್ಲದ ಮನೆ ಮತ್ತು ಬೆಳಗುವ ಪರದೆ

ಮಕ್ಕಳ ಕೈಗೆ ಯಾವ ವಸ್ತುವನ್ನು ಎಂದು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ಚಿಂತೆ ಮನುಷ್ಯಕುಲದಷ್ಟೇ ಪುರಾತನವಾದುದು. ಬೆಂಕಿಯ ಬಳಿ ಸುಳಿಯಬೇಡ, ಕುಡುಗೋಲನ್ನು ಮುಟ್ಟಬೇಡ, ಬಾವಿಯ ಕಟ್ಟೆಯನ್ನು ಹತ್ತಬೇಡ ಎಂದು ಗದರಿಸಿದ ತಾಯಿತಂದೆಗಳೇ ಒಂದಲ್ಲ ಒಂದು ದಿನ ಅದೇ ಕುಡುಗೋಲನ್ನು ಮಕ್ಕಳ ಕೈಗಿತ್ತು ಹೊಲಕ್ಕೆ ಕರೆದೊಯ್ದಿದ್ದಾರೆ. ಅದೇ ಒಲೆಯ ಮುಂದೆ ಕುಳ್ಳಿರಿಸಿ ರೊಟ್ಟಿ ಬಡಿಯುವುದನ್ನು ಕಲಿಸಿದ್ದಾರೆ. ನಿಷೇಧದಿಂದ ಆರಂಭವಾದುದು ಶಿಕ್ಷಣದಲ್ಲಿ ಪರ್ಯವಸಾನ ಹೊಂದುತ್ತಿತ್ತು. ಇಂದು ಆ ಸ್ಥಾನದಲ್ಲಿ ಬಂದು ನಿಂತಿರುವುದು ಅಂಗೈಯಗಲದ ಬೆಳಗುವ ಪರದೆ. ಇದರ ವಿಷಯದಲ್ಲಿ ಮಾತ್ರ ಹಿರಿಯರ ಬುದ್ಧಿ ನಿಷೇಧದ ಹಂತದಲ್ಲಿಯೇ ನಿಂತುಹೋಗಿದೆ. ಇಲ್ಲವೆ ನಿಷೇಧವನ್ನೂ ಕೈಬಿಟ್ಟು ನಿರಾಶೆಯಲ್ಲಿ ಮುಳುಗಿದೆ.

ಶಾಲೆಗೆ ಈ ಸಮಸ್ಯೆಯನ್ನು ತಾತ್ಕಾಲಿಕವಾಗಿ ದೂರವಿಡುವ ಒಂದು ಉಪಾಯವಿದೆ. ಅದು ಗಂಟೆ. ಪ್ರಾರ್ಥನೆಗೊಂದು ಗಂಟೆ, ಪಾಠಕ್ಕೊಂದು ಗಂಟೆ, ಪ್ರಸಾದಕ್ಕೊಂದು ಗಂಟೆ. ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಮೊಬೈಲನ್ನು ಒಪ್ಪಿಸಿ ಒಳಗೆ ಬರಬೇಕೆಂಬ ನಿಯಮವನ್ನು ಮಾಡಿದರೆ ವ್ಯವಸ್ಥಾಪಕರ ಹೊಣೆ ಅಲ್ಲಿಗೆ ಹಗುರವಾಯಿತು. ಆದರೆ ಗಂಟೆಯೇ ಇಲ್ಲದ ಮನೆಗಳು ಜಗತ್ತಿನಲ್ಲಿವೆ. ಅಲ್ಲಿ ವೇಳಾಪಟ್ಟಿಯಿಲ್ಲ, ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಮಗು ತನ್ನ ಆಸಕ್ತಿಯನ್ನು ಹಿಂಬಾಲಿಸಿ ಬದುಕಿನಿಂದಲೇ ಕಲಿಯುತ್ತದೆಂಬ ವಿಶ್ವಾಸವೊಂದೇ ಆಧಾರ. ಅನ್‌ಸ್ಕೂಲಿಂಗ್ ಎಂದು ಅಮೆರಿಕದಲ್ಲಿ ಹೆಸರಾಗಿರುವ ಈ ಪದ್ಧತಿಯನ್ನು ಶಾಲಾಮುಕ್ತ ಕಲಿಕೆ ಎನ್ನಬಹುದು. ಅಂಥ ಮನೆಗಳು ಪರದೆಯ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದು ಶಾಲೆಯನ್ನೇ ನಂಬಿ ಬಾಳುವವರಿಗೂ ವಿಚಾರಯೋಗ್ಯವಾದ ವಿಷಯ.

ಮಠದ ಶಾಲೆಯೊಂದರ ಸಂಚಿಕೆಯಲ್ಲಿ ಶಾಲೆ ಬೇಡವೆಂದವರ ಕಥೆಯೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. 2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಕನ್ನಡ ನಾಡಿನ ಪ್ರತಿಯೊಂದು ಮನೆಯೂ ಬೇಕಾಗಿಯೋ ಬೇಡವಾಗಿಯೋ ಗಂಟೆಯಿಲ್ಲದ ಮನೆಯಾಯಿತು. ಅದುವರೆಗೆ ಮೊಬೈಲನ್ನು ಕಸಿದುಕೊಳ್ಳುತ್ತಿದ್ದ ಶಾಲೆಗಳೇ ಅದನ್ನು ಮಕ್ಕಳ ಕೈಗೆ ಕೊಡಿರೆಂದು ಪಾಲಕರಿಗೆ ಹೇಳಿಕಳಿಸಿದವು. ಆ ವರ್ಷದ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ವಿದ್ಯಾಗಮ ಯೋಜನೆಯನ್ನು ತಂದು, ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳುವಂತೆ ಮಾಡಿದ್ದು ಮೊಬೈಲಿಲ್ಲದ ಮಕ್ಕಳ ನೆನಪಿನಿಂದಲೇ. ಶಾಲೆಗಳು ಮತ್ತೆ ತೆರೆದವು. ಗಂಟೆ ಮತ್ತೆ ಬಾರಿಸಿತು. ಆದರೆ ಮನೆಯೊಳಕ್ಕೆ ಹೊಕ್ಕ ಪರದೆ ಹೊರಗೆ ಹೋಗಲಿಲ್ಲ.

ಶಾಲಾಮುಕ್ತ ಕಲಿಕೆಯ ಮೂಲಪುರುಷರೆಂದು ಜಾನ್ ಹೋಲ್ಟರನ್ನು ಹೆಸರಿಸುವುದು ವಾಡಿಕೆ. 1923ರಲ್ಲಿ ಜನಿಸಿದ ಅವರು ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿ ನೌಕೆಯಲ್ಲಿ ಸೇವೆ ಸಲ್ಲಿಸಿ, ಅನಂತರ ಕೊಲರಾಡೊ ಮತ್ತು ಬೋಸ್ಟನ್ನಿನ ಖಾಸಗಿ ಶಾಲೆಗಳಲ್ಲಿ ಅಧ್ಯಾಪಕರಾದರು. ಒಳ್ಳೆಯ ಶಾಲೆಗಳ ಬುದ್ಧಿವಂತ ಮಕ್ಕಳೂ ಏಕೆ ಭಯದಿಂದ ಉತ್ತರವನ್ನು ಊಹಿಸುತ್ತಾರೆ, ಏಕೆ ಕಲಿಯುವುದನ್ನು ಬಿಟ್ಟು ಗುರುಗಳ ಮುಖಭಾವವನ್ನು ಓದುತ್ತಾರೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಮಕ್ಕಳು ಸೋಲುವ ಬಗೆಯನ್ನು ಕುರಿತು 1964ರಲ್ಲಿ, ಕಲಿಯುವ ಬಗೆಯನ್ನು ಕುರಿತು 1967ರಲ್ಲಿ ಅವರು ಬರೆದ ಗ್ರಂಥಗಳು ಖ್ಯಾತಿ ಪಡೆದವು. ಇವಾನ್ ಇಲಿಚ್ 1971ರಲ್ಲಿ ಸಮಾಜವನ್ನೇ ಶಾಲೆಯ ಹಿಡಿತದಿಂದ ಬಿಡಿಸಬೇಕೆಂದು ವಾದಿಸಿದಾಗ ಹೋಲ್ಟರ ವಿಚಾರಕ್ಕೆ ಇನ್ನಷ್ಟು ಕಾವು ಬಂದಿತು. ಶಾಲೆಯನ್ನು ಸುಧಾರಿಸಬಹುದೆಂಬ ಆಸೆಯನ್ನು ಕ್ರಮೇಣ ಕೈಬಿಟ್ಟ ಅವರು 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳ ಕುಟುಂಬಗಳಿಗಾಗಿಯೇ ಬೋಸ್ಟನ್ನಿನಿಂದ ಪತ್ರಿಕೆಯೊಂದನ್ನು ಹೊರಡಿಸಿದರು. 1985ರಲ್ಲಿ ಅವರು ತೀರಿಕೊಂಡ ಮೇಲೆಯೂ ಆ ಪತ್ರಿಕೆ 2001ರವರೆಗೆ ನಡೆಯಿತು. 1993ರ ಹೊತ್ತಿಗೆ ಆ ದೇಶದ 50 ರಾಜ್ಯಗಳಲ್ಲಿಯೂ ಮನೆಶಿಕ್ಷಣಕ್ಕೆ ಕಾನೂನಿನ ಒಪ್ಪಿಗೆ ದೊರೆತಿತ್ತು.

ಈ ಕುಟುಂಬಗಳೆಲ್ಲ ಪರದೆಯ ವಿಷಯದಲ್ಲಿ ಒಂದೇ ಮಾತನ್ನು ಆಡುತ್ತವೆಂದು ಭಾವಿಸಬಾರದು. ಒಂದು ಬಣದವರು ಮಣ್ಣು, ಮರ, ನೂಲು, ಕಥೆ, ಹಾಡುಗಳ ನಡುವೆ ಮಗು ಬೆಳೆಯಬೇಕೆಂದು ಬಯಸಿ ಯಂತ್ರವನ್ನು ಆದಷ್ಟು ಕಾಲ ದೂರವಿಡುತ್ತಾರೆ. ಇನ್ನೊಂದು ಬಣದವರು ಪಠ್ಯದಲ್ಲಿ ಸ್ವಾತಂತ್ರ್ಯ ಕೊಟ್ಟರೂ ಊಟ, ನಿದ್ರೆ, ಪರದೆಗಳಲ್ಲಿ ಹಿರಿಯರ ನಿಯಮವಿರಬೇಕೆನ್ನುತ್ತಾರೆ. ಮೂರನೆಯ ಬಣ ಸಮೂಲ ಸ್ವಾತಂತ್ರ್ಯವಾದಿಗಳದು. ನ್ಯೂ ಮೆಕ್ಸಿಕೊದ ಲೇಖಕಿ ಸಾಂಡ್ರಾ ಡಾಡ್ ಈ ಬಣದ ಪ್ರಸಿದ್ಧ ಪ್ರತಿಪಾದಕರು. ಅಕ್ಷರ, ಅಂಕಿಗಳ ವಿಷಯದಲ್ಲಿ ಮಗುವನ್ನು ನಂಬುವುದಾದರೆ ದೂರದರ್ಶನ, ಗಣಕಯಂತ್ರ, ಆಟಗಳ ವಿಷಯದಲ್ಲಿ ಏಕೆ ನಂಬಬಾರದು ಎಂಬುದು ಇವರ ಪ್ರಶ್ನೆ. ಚರ್ಚೆಯ ಕಾವೆಲ್ಲ ಇರುವುದು ಈ ಬಣದ ಸುತ್ತಲೇ.

ದೂರದಿಂದ ನೋಡುವವರಿಗೆ ಇದು ಬೇಜವಾಬ್ದಾರಿಯೆಂದು ಕಾಣುತ್ತದೆ. ಆದರೆ ಅವರ ಆಚರಣೆಯನ್ನು ಗಮನಿಸಿದರೆ ಅಲ್ಲಿಯೂ ಒಂದು ಶಿಸ್ತು ಉಂಟೆಂಬುದು ತಿಳಿಯುತ್ತದೆ. ಅದು ಮಗುವಿನ ಮೇಲೆ ಹೇರಿದ ಶಿಸ್ತಲ್ಲ, ತಾಯಿತಂದೆಗಳು ತಮ್ಮ ಮೇಲೆ ಹೇರಿಕೊಂಡ ಶಿಸ್ತು. ನಿಯಮಗಳನ್ನೆಲ್ಲ ಒಂದೇ ದಿನ ಕಿತ್ತೊಗೆಯಬಾರದು, ಬೇಡವೆನ್ನುವ ಕಡೆ ಆಗಲಿ ಎನ್ನುತ್ತ ನಿಧಾನವಾಗಿ ಸಡಿಲಿಸಬೇಕು ಎಂದು ಅವರು ಎಚ್ಚರಿಸುತ್ತಾರೆ. ಮಗು ಏನನ್ನು ನೋಡುತ್ತಿದೆಯೋ ಅದನ್ನು ಪಕ್ಕದಲ್ಲಿ ಕುಳಿತು ತಾವೂ ನೋಡಬೇಕು. ಅದರ ಆಟವನ್ನು ತಾವೂ ಕಲಿಯಬೇಕು. ಮನೆಯಲ್ಲಿ ಪರದೆಯಷ್ಟೇ ಆಕರ್ಷಕವಾದ ಬೇರೆ ವಸ್ತುಗಳಿರಬೇಕು. ಪುಸ್ತಕ, ನಕಾಶೆ, ವಾದ್ಯ, ಹಳೆಯ ಗಡಿಯಾರ, ಬೀಜಗಳ ಪೊಟ್ಟಣ ಮೊದಲಾದುವನ್ನು ಮಗು ಓಡಾಡುವ ದಾರಿಯಲ್ಲಿ ಹರವಿಟ್ಟು, ಅದು ಎತ್ತಿಕೊಂಡರೆ ಸಂತೋಷಪಡುವುದು, ಎತ್ತಿಕೊಳ್ಳದಿದ್ದರೆ ಸುಮ್ಮನಿರುವುದು ಅವರ ರೂಢಿ.

ಶಾಲೆ ಬಿಟ್ಟ ಹೊಸದರಲ್ಲಿ ಮಗು ಹಗಲಿರುಳೂ ಪರದೆಯ ಮುಂದೆಯೇ ಕುಳಿತುಬಿಡುವುದನ್ನು ಆ ತಾಯಿತಂದೆಗಳು ಬಲ್ಲರು. ಅದಕ್ಕೆ ಅವರು ಬಳಸುವ ಅಳತೆ ಇದು: ಮಗು ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದೊಂದು ತಿಂಗಳು ಕಾಯಬೇಕು. ಬಹುಕಾಲ ಹಸಿದವನು ಮೊದಲ ಪಂಕ್ತಿಯಲ್ಲಿ ಮಿತಿ ಮೀರಿ ಉಣ್ಣುವಂತೆ ಮಗುವೂ ಮಿತಿ ಮೀರುತ್ತದೆ. ನಾಳೆಯೂ ಅನ್ನ ಸಿಗುವುದೆಂಬ ಭರವಸೆ ಬಂದ ಮೇಲೆ ತಾನಾಗಿ ಎಲೆಯಿಂದ ಏಳುತ್ತದೆ ಎಂಬುದು ಅವರ ನಂಬಿಕೆ.

ಈ ನಂಬಿಕೆಯ ಹಿಂದೆ ಯುಕ್ತಿಯೂ ಇಲ್ಲದಿಲ್ಲ. ದಿನಕ್ಕೆ ಒಂದೇ ಗಂಟೆ ಎಂದು ಅಳೆದು ಕೊಟ್ಟರೆ ಆ ಗಂಟೆ ಚಿನ್ನವಾಗುತ್ತದೆ. ಕಾರ್ಯಕ್ರಮ ಎಷ್ಟೇ ನೀರಸವಾಗಿದ್ದರೂ ಮಗು ಅದನ್ನು ಬಿಟ್ಟೇಳುವುದಿಲ್ಲ. ವಿರಳವಾದ ಪದಾರ್ಥಕ್ಕೆ ಬೆಲೆ ಹೆಚ್ಚೆಂಬ ಅರ್ಥಶಾಸ್ತ್ರದ ಸೂತ್ರವನ್ನು ಅವರು ಇಲ್ಲಿಗೆ ಅನ್ವಯಿಸುತ್ತಾರೆ. ಪೆನ್ಸಿಲ್ವೇನಿಯಾದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣೆದುರಿಗೇ ಇಟ್ಟು ತಿನ್ನಗೊಡದ ತಿಂಡಿಯ ಮೇಲೆ ಚಿಕ್ಕ ಮಕ್ಕಳ ಆಸೆ ಹೆಚ್ಚಿದ್ದು ಕಂಡುಬಂದಿತು. ತಿಂಡಿಗೆ ಸತ್ಯವಾದುದು ಪರದೆಗೂ ಸತ್ಯವೆಂದು ಸಿದ್ಧವಾಗಿಲ್ಲ. ಆದರೂ ಮಕ್ಕಳನ್ನು ಬಲ್ಲ ಯಾವ ಶಿಕ್ಷಕರೂ ಈ ಮಾತನ್ನು ಒಮ್ಮೆಲೆ ತಳ್ಳಿಹಾಕಲಾರರು.

ಬೋಸ್ಟನ್ ಕಾಲೇಜಿನ ಮನೋವಿಜ್ಞಾನಿ ಪೀಟರ್ ಗ್ರೇ ಇನ್ನೊಂದು ವಾದವನ್ನು ಮುಂದಿಟ್ಟಿದ್ದಾರೆ. ಬೇಟೆಯಿಂದ ಬದುಕುವ ಜನಾಂಗಗಳಲ್ಲಿ ಮಕ್ಕಳು ಬಿಲ್ಲುಬಾಣಗಳೊಂದಿಗೆ ಆಡುತ್ತ ಬೆಳೆಯುತ್ತಾರೆ. ತಮ್ಮ ಸಮಾಜದ ಮುಖ್ಯ ಉಪಕರಣ ಯಾವುದೆಂಬುದನ್ನು ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ. ಇಂದಿನ ಸಮಾಜದ ಬಿಲ್ಲುಬಾಣ ಗಣಕಯಂತ್ರವೇ ಆಗಿರುವಾಗ ಮಕ್ಕಳು ಅದರತ್ತ ಹರಿಯುವುದು ಚಟವಲ್ಲ, ಪ್ರಕೃತಿ ಎಂಬುದು ಅವರ ಅಭಿಪ್ರಾಯ. ಹೊರಗೆ ಆಡಲು ಬಿಡದ ಹಿರಿಯರು ಒಳಗೆ ಆಡುವ ಮಗುವನ್ನು ದೂರುವುದು ನ್ಯಾಯವೇ ಎಂಬ ಅವರ ಪ್ರಶ್ನೆ ನಗರವಾಸಿಗಳ ಎದೆಗೆ ನಾಟುವಂಥದು.

ಕಾಲವನ್ನು ಅಳೆಯುವ ಬಗೆಯನ್ನೇ ಪ್ರಶ್ನಿಸುವುದು ಇವರ ಮೂರನೆಯ ಯುಕ್ತಿ. ದೂರದೇಶದ ಅಜ್ಜಿಯೊಡನೆ ಮಾತನಾಡುವುದು, ವೀಣೆಯ ಪಾಠ ಕೇಳುವುದು, ಚದುರಂಗ ಆಡುವುದು, ಕಥೆ ಬರೆಯುವುದು, ಹೊಡೆದಾಟದ ಚಿತ್ರ ನೋಡುವುದು, ಇವೆಲ್ಲವೂ ಒಂದೇ ಗಾಜಿನ ಮೇಲೆ ನಡೆಯುತ್ತವೆಂಬ ಕಾರಣಕ್ಕೆ ಎಲ್ಲವನ್ನೂ ಪರದೆಯ ಹೊತ್ತೆಂದು ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ. ಕಾವ್ಯವೂ ಕಾಗದದ ಮೇಲಿದೆ, ಜೂಜಿನ ಎಲೆಯೂ ಕಾಗದದ್ದೇ. ಹಾಗೆಂದು ಮಕ್ಕಳ ಕಾಗದದ ಹೊತ್ತನ್ನು ಯಾರೂ ಅಳೆಯುವುದಿಲ್ಲವಷ್ಟೆ. ಈ ಮಾತು ನಿಜ.

ಇಷ್ಟೆಲ್ಲ ಒಪ್ಪಿದ ಮೇಲೆಯೂ ಮೂರು ಸಂದೇಹಗಳು ಉಳಿಯುತ್ತವೆ. ಮೊದಲನೆಯದು ಉಪಕರಣದ ಸ್ವರೂಪಕ್ಕೆ ಸಂಬಂಧಿಸಿದುದು. ಹೋಲ್ಟರು ಮಗುವನ್ನು ಲೋಕಕ್ಕೆ ಒಪ್ಪಿಸಿದಾಗ ಆ ಲೋಕದ ವಸ್ತುಗಳಿಗೆ ತಮ್ಮದೇ ಆದ ಉದ್ದೇಶವಿರಲಿಲ್ಲ. ಕುಡುಗೋಲು ಹುಡುಗನನ್ನು ರಾತ್ರಿ ಹೆಸರು ಹಿಡಿದು ಕೂಗುವುದಿಲ್ಲ. ಬಿಲ್ಲಿಗೆ ತನ್ನನ್ನು ಇನ್ನೂ ಐದು ನಿಮಿಷ ಹಿಡಿದುಕೊಂಡಿರಲಿ ಎಂಬ ಹಂಬಲವಿಲ್ಲ. ಆದರೆ ಇಂದಿನ ಪರದೆ ಅಂಥ ಮೂಕವಸ್ತುವಲ್ಲ. ಗಣಕಯಂತ್ರದ ಮೂಲಕ ಮನುಷ್ಯರ ನಡತೆಯನ್ನು ಒಲಿಸಿ ತಿದ್ದುವ ವಿದ್ಯೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1998ರಷ್ಟು ಹಿಂದೆಯೇ ಪ್ರಯೋಗಶಾಲೆ ಹುಟ್ಟಿತು. ಪುಟವೆಂಬುದಕ್ಕೆ ಕೊನೆಯೇ ಇಲ್ಲದಂತೆ ಕೆಳಗೆ ಕೆಳಗೆ ಜಾರುತ್ತ ಹೋಗುವ ಏರ್ಪಾಡನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಒಂದು ಚಿತ್ರ ಮುಗಿದೊಡನೆ ಮತ್ತೊಂದು ತಾನಾಗಿಯೇ ಆರಂಭವಾಗುತ್ತದೆ. ನೋಡುವವರ ಕಾಲವೇ ಅಲ್ಲಿ ಮಾರಾಟದ ಸರಕು. ಐಫೋನು ಬಂದದ್ದು 2007ರಲ್ಲಿ, ಐಪ್ಯಾಡು 2010ರಲ್ಲಿ. ಹೋಲ್ಟರು ಕಣ್ಮುಚ್ಚಿ ಎರಡು ದಶಕಗಳು ಕಳೆದ ಮೇಲೆ. ಮರದ ಗೊಂಬೆಗೆ ಸಲ್ಲುತ್ತಿದ್ದ ನಂಬಿಕೆಯನ್ನು ಸಾವಿರಾರು ಜಾಣರು ಸೇರಿ ಹೆಣೆದ ಬಲೆಗೂ ಸಲ್ಲಿಸಬಹುದೇ? ಬಾವಿಯ ಕಟ್ಟೆಯನ್ನೇ ಜಾರುವಂತೆ ಕಟ್ಟಿದ್ದರೆ ಈಜು ಬಾರದ ಮಗುವನ್ನು ನಂಬುವ ಮಾತು ಎಲ್ಲಿ ಉಳಿಯಿತು?

ಎರಡನೆಯ ಸಂದೇಹ ಪ್ರಮಾಣಕ್ಕೆ ಸಂಬಂಧಿಸಿದುದು. ಪೀಟರ್ ಗ್ರೇ ಮತ್ತು ಜೀನಾ ರೈಲಿ 2013ರಲ್ಲಿ 232 ಶಾಲಾಮುಕ್ತ ಕುಟುಂಬಗಳ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಬಹುಪಾಲು ಕುಟುಂಬಗಳು ತಮ್ಮ ಆಯ್ಕೆಯಿಂದ ತೃಪ್ತರಾಗಿದ್ದವು. ನೆಂಟರಿಷ್ಟರ, ಸಮಾಜದ ಟೀಕೆಯನ್ನು ಸಹಿಸುವುದೇ ಅವರಿಗೆ ದೊಡ್ಡ ಕಷ್ಟವಾಗಿತ್ತು. ಆದರೆ ಉತ್ತರಿಸಿದವರು ತಾವಾಗಿ ಮುಂದೆ ಬಂದವರು. ಪಂದ್ಯದಲ್ಲಿ ಗೆದ್ದವರು ಕುಸ್ತಿಯನ್ನು ಹೊಗಳುವುದು ಸಹಜ. ಸೋತು ಸುಮ್ಮನಾದವರ ಮಾತು ಅಖಾಡದಾಚೆಯೇ ಉಳಿಯುತ್ತದೆ. ದೆಹಲಿಯ ಕಾಲ್ಕಾಜಿಯಲ್ಲಿ 1999ರಲ್ಲಿ ಸುಗತ ಮಿತ್ರ ಅವರು ಗೋಡೆಯ ಕಿಂಡಿಯಲ್ಲಿ ಗಣಕಯಂತ್ರವನ್ನಿಟ್ಟು, ಕೊಳೆಗೇರಿಯ ಮಕ್ಕಳು ಗುರುವಿಲ್ಲದೆ ಅದನ್ನು ಬಳಸಲು ಕಲಿತುದನ್ನು ಲೋಕಕ್ಕೆ ತೋರಿಸಿದರು. ಅದು ಅದ್ಭುತವೇ ಸರಿ. ಆದರೆ ಅಂಥ ಯಂತ್ರಗಳ ಮುಂದೆ ಮಕ್ಕಳ ಹೆಚ್ಚಿನ ಹೊತ್ತು ಆಟ ಮತ್ತು ಚಿತ್ರಗಳಲ್ಲಿಯೇ ಕಳೆಯಿತೆಂದು ವಿಮರ್ಶಕರು ಬರೆದರು. ಬಳಸಲು ಕಲಿಯುವುದು ಬೇರೆ, ಬಿಡಲು ಕಲಿಯುವುದು ಬೇರೆ.

ಮೂರನೆಯ ಸಂದೇಹ ಎಲ್ಲಕ್ಕಿಂತ ಭಾರವಾದುದು. ಪಕ್ಕದಲ್ಲಿ ಕುಳಿತು ನೋಡುವ ತಾಯಿ, ಕೇಳಿದೊಡನೆ ಉತ್ತರಿಸುವ ತಂದೆ, ದಾರಿಯಲ್ಲಿ ಹರವಿಡಲು ಪುಸ್ತಕ ಮತ್ತು ವಾದ್ಯಗಳು, ಇವು ಎಷ್ಟು ಮನೆಗಳಲ್ಲಿವೆ? ಬೆಳಗಿನ ಐದು ಗಂಟೆಗೆ ಕೂಲಿಗೆ ಹೊರಡುವ ದಂಪತಿಗಳ ಗುಡಿಸಲಿನಲ್ಲಿ ಮಗುವಿನ ಪಕ್ಕ ಕುಳಿತುಕೊಳ್ಳುವವರು ಯಾರು? ಅಲ್ಲಿ ಮೊಬೈಲಿಗೆ ಕೊಟ್ಟ ಸ್ವಾತಂತ್ರ್ಯ ಮಗುವಿಗೆ ಕೊಟ್ಟ ಸ್ವಾತಂತ್ರ್ಯವಲ್ಲ. ಮಗುವನ್ನು ಒಂಟಿಯಾಗಿ ಬಿಟ್ಟಂತೆ. ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ನೀಡಿದ ಕಾಯಿದೆ 2010ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಬೆಂಗಳೂರು, ಪುಣೆ, ಮುಂಬಯಿಗಳ ಕೆಲವು ವಿದ್ಯಾವಂತ ಕುಟುಂಬಗಳು ಶಾಲೆಯನ್ನು ಬಿಟ್ಟು ಮನೆಯಲ್ಲಿಯೇ ಮಕ್ಕಳನ್ನು ಬೆಳೆಸುತ್ತಿವೆ; ಅವರಿಗೆ ಅದು ಆಯ್ಕೆ. ಶಾಲೆಯ ಹೊಸ್ತಿಲನ್ನೇ ಕಾಣದ ಪೀಳಿಗೆಗಳಿಂದ ಬಂದ ಮಗುವಿಗೆ ಶಾಲೆ ಬಂಧನವಲ್ಲ, ಬಿಡುಗಡೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದು ಈ ಅರಿವಿನಿಂದಲೇ. ತ್ರಿವಿಧ ದಾಸೋಹದ ಹೊಣೆ ಹೊತ್ತ ಮಠಗಳು ಗಂಟೆಯನ್ನು ಇಳಿಸಿಡುವಂತಿಲ್ಲ.

ಹಾಗಾದರೆ ಕಟ್ಟುನಿಟ್ಟಿನ ನಿಷೇಧವೇ ದಾರಿಯೇ? ನಿಷೇಧವಾದಿಗಳ ಪಕ್ಷದಲ್ಲಿಯೂ ಅಂಕಿಗಳು ಸ್ಥಿರವಾಗಿ ನಿಂತಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ದೂರದರ್ಶನ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1999ರಲ್ಲಿ ಹೇಳಿತು. 2016ರಲ್ಲಿ ಅದು ತನ್ನ ಸಲಹೆಯನ್ನು ಪರಿಷ್ಕರಿಸಿ, ಹದಿನೆಂಟು ತಿಂಗಳೊಳಗಿನ ಶಿಶುಗಳಿಗೆ ಬಂಧುಗಳೊಡನೆ ಮುಖ ನೋಡಿ ಮಾತನಾಡುವುದನ್ನು ಬಿಟ್ಟು ಬೇರೆ ಪರದೆ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಒಳ್ಳೆಯ ಕಾರ್ಯಕ್ರಮ ಸಾಕು ಎಂದಿತು. 6 ವರ್ಷ ಮೀರಿದವರಿಗೆ ಗಂಟೆಯನ್ನು ಹೇಳದೆ, ನಿದ್ರೆ, ವ್ಯಾಯಾಮಗಳಿಗೆ ಕುಂದು ಬಾರದಂತೆ ಕುಟುಂಬವೇ ಮಿತಿ ಹಾಕಿಕೊಳ್ಳಲೆಂದು ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಇಂಥದೇ ಸಲಹೆ ನೀಡಿತು. ಆಸ್ಟ್ರೇಲಿಯಾ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಮಾಡಿದ ಕಾನೂನು 2025ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ಶಿಶುವಿಗೆ ಸಲ್ಲುವ ನಿಷೇಧ ಪ್ರೌಢಶಾಲೆಯ ಹುಡುಗನಿಗೆ ಹಾಗೆಯೇ ಸಲ್ಲದೆಂಬುದು ಇವೆಲ್ಲವುಗಳ ಒಟ್ಟು ತಾತ್ಪರ್ಯ. ವಯಸ್ಸು ಏರಿದಂತೆ ಹೊಣೆ ಹೊರಗಿನ ಅಂಕಿಯಿಂದ ಒಳಗಿನ ವಿವೇಕಕ್ಕೆ ಸರಿಯುತ್ತದೆ, ಸರಿಯಬೇಕು.

ವಿದ್ಯಾರ್ಥಿನಿಲಯಗಳು ಸೋಲುವುದು ಇಲ್ಲಿಯೇ. ಹತ್ತು ತಿಂಗಳು ಮೊಬೈಲನ್ನು ಮುಟ್ಟದ ಹುಡುಗ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಮೊದಲು ಕೇಳುವುದು ಮೊಬೈಲನ್ನೇ. ಹಾಸಿಗೆಯೊಳಗೂ ಬಿಡದೆ ಹಿಡಿದ ಮಗನನ್ನು ಕಂಡು, ಮಠದಲ್ಲಿ ಕಲಿತದ್ದು ಇದನ್ನೇ ಏನೋ ಎಂದು ತಾಯಿ ನಿಟ್ಟುಸಿರಿಡುತ್ತಾಳೆ. ಅವನು ಕಲಿತದ್ದು ಗಂಟೆಗೆ ವಿಧೇಯನಾಗುವುದನ್ನು. ಗಂಟೆಯಿಲ್ಲದೆಡೆ ತನಗೆ ತಾನೇ ವಿಧೇಯನಾಗುವುದನ್ನಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಪಟ್ಟಣದ ಕೋಣೆಯೊಂದರಲ್ಲಿ ಒಂಟಿಯಾಗಿ ವಾಸಿಸುವಾಗ ಅವನ ಬಾಗಿಲಲ್ಲಿ ಮೊಬೈಲನ್ನು ಇಸಿದುಕೊಳ್ಳುವ ವಾರ್ಡನರು ಯಾರೂ ಇರುವುದಿಲ್ಲ. ಶಾಲಾಮುಕ್ತ ಕುಟುಂಬಗಳು ಶಾಲೆಗಳಿಗೆ ಹಾಕುವ ನಿಜವಾದ ಸವಾಲು ಇದು. ಇದಕ್ಕೆ ಉತ್ತರ ಕೊಡದೆ ಅವರನ್ನು ಹಗುರವಾಗಿ ನಗುವುದು ತರವಲ್ಲ.

ಶರಣಧರ್ಮದಲ್ಲಿ ಬೆಳೆದವರಿಗೆ ಈ ಉತ್ತರ ಅಪರಿಚಿತವಾಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಚಮ್ಮಾರರು ತಮ್ಮ ತಮ್ಮ ಕಾಯಕದ ಉಪಕರಣವನ್ನು ಹಿಡಿದೇ ಅನುಭಾವಕ್ಕೆ ಏರಿದರು. ಉಪಕರಣವನ್ನು ಅವರು ಹಳಿಯಲಿಲ್ಲ. ಅದಕ್ಕೆ ಆಳಾಗಲೂ ಇಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿಯನ್ನು ನೆಲೆಗೊಳಿಸುವ ನೇಮವನ್ನು ಯಾವ ಗಂಟೆಯೂ ಬಲವಂತವಾಗಿ ಮಾಡಿಸಲಾರದು. ಅದು ಒಳಗಿನಿಂದ ಒಪ್ಪಿಕೊಂಡ ಕಟ್ಟು. ಅದೇ ಅಂಗೈ ಇಂದು ದೃಷ್ಟಿಯನ್ನು ಚೆಲ್ಲಾಪಿಲ್ಲಿ ಮಾಡುವ ಗಾಜಿನ ತುಂಡನ್ನೂ ಹಿಡಿದಿದೆ. ಒಂದನ್ನು ಹಿಡಿಯಲು ದೀಕ್ಷೆ ಬೇಕೆಂದವರು ಇನ್ನೊಂದನ್ನು ಹಿಡಿಯಲು ಯಾವ ದೀಕ್ಷೆಯನ್ನೂ ಕೊಡದೆ ಇರುವುದು ವಿಚಿತ್ರವಲ್ಲವೆ?

ಆದುದರಿಂದ ಗಂಟೆಯನ್ನು ಉಳಿಸಿಕೊಂಡೇ ಶಾಲೆಗಳು ಆ ಕುಟುಂಬಗಳಿಂದ ಪಡೆಯಬೇಕಾದುದು ಉಂಟು. ಕಿರಿಯರಿಗೆ ನಿಯಮವಿರಲಿ, ಎಂಟನೆಯ ತರಗತಿಯಿಂದ ಮೇಲಿನವರಿಗೆ ಶಿಕ್ಷಕರ ಸಮಕ್ಷಮದಲ್ಲಿ ಪರದೆಯೊಡನೆ ಬಾಳುವ ಅಭ್ಯಾಸವಾಗಲಿ. ಕೊನೆಯಿಲ್ಲದ ಪುಟ ಹೇಗೆ ರಚಿತವಾಗಿದೆ, ತಮ್ಮ ಕಾಲವನ್ನು ಯಾರು ಯಾರಿಗೆ ಮಾರುತ್ತಾರೆ ಎಂಬುದನ್ನು ವಿಜ್ಞಾನದ ಪಾಠದಂತೆಯೇ ಅವರಿಗೆ ತಿಳಿಸಬೇಕು. ಬಲೆಯ ಗಂಟನ್ನು ಕಂಡ ಮೀನಿಗೆ ತಪ್ಪಿಸಿಕೊಳ್ಳುವ ದಾರಿ ಸ್ವಲ್ಪವಾದರೂ ತಿಳಿದೀತು. ರಜೆಯಿಂದ ಮರಳಿದ ಹುಡುಗನನ್ನು ಎಷ್ಟು ಹೊತ್ತು ನೋಡಿದೆ ಎಂದು ವಿಚಾರಣೆ ಮಾಡುವ ಬದಲು, ಏನನ್ನು ನೋಡಿದೆಯಪ್ಪಾ, ಅದರಲ್ಲಿ ನಿನಗೆ ಹಿಡಿಸಿದ್ದೇನು ಎಂದು ಗುರುಗಳು ಕೇಳಿದರೆ ಒಂದು ಬಾಗಿಲು ತೆರೆಯುತ್ತದೆ. ಪಾಲಕರ ಸಭೆಯಲ್ಲಿ ಮಕ್ಕಳ ಮೊಬೈಲನ್ನು ಕುರಿತು ಭಾಷಣವಾಗುತ್ತಿರುವಾಗ ಸಭಿಕರ ಕೈಯಲ್ಲಿ ಬೆಳಗುವ ಪರದೆಗಳನ್ನು ಮಕ್ಕಳು ಎಣಿಸುತ್ತಿರುತ್ತಾರೆಂಬುದನ್ನು ಹಿರಿಯರು ಮರೆಯಬಾರದು.

ದಾನಿಗಳಿಗೂ ಒಂದು ವಿನಂತಿ ಸಲ್ಲಬೇಕು. ಶಾಲೆಗೆ ಹೊಳೆಯುವ ಯಂತ್ರಗಳನ್ನಿತ್ತು ಹೆಸರಿನ ಫಲಕವನ್ನು ಹಾಕಿಸುವುದು ಶ್ಲಾಘ್ಯವೇ. ಆದರೆ ಯಂತ್ರದ ಪಕ್ಕ ಕುಳಿತುಕೊಳ್ಳುವ ಮನುಷ್ಯನಿಲ್ಲದೆ ಆ ದಾನ ಅರ್ಧದಾನ. ಸಂಜೆಯ ಹೊತ್ತು ಮಕ್ಕಳ ನಡುವೆ ಇರಬಲ್ಲ ಒಬ್ಬ ಗ್ರಂಥಪಾಲಕನ ಸಂಬಳ, ಒಂದು ಬಡಗಿಯ ಕೊಟ್ಟಿಗೆ, ಎರಡು ಹಾರ್ಮೋನಿಯಂ, ಒಂದು ಕೈತೋಟ, ಇವೂ ಪರದೆಯ ಸಮಸ್ಯೆಗೆ ಪರಿಹಾರಗಳೇ. ಬಡಮಗುವಿಗೆ ಮನೆ ಕೊಡಲಾರದ ಸಾಹಚರ್ಯವನ್ನು ಶಾಲೆ ಕೊಡಬಲ್ಲದು. ಅದು ದಾಸೋಹದ ಹೊಸ ರೂಪ.

ಶಾಲೆಯನ್ನು ತೊರೆದವರಿಗೂ ಶಾಲೆಯನ್ನು ಕಟ್ಟಿದವರಿಗೂ ಕೊನೆಗೆ ಬೇಕಾದುದು ಒಂದೇ: ಯಾರೂ ನೋಡದಿರುವಾಗಲೂ ತನ್ನ ಕೈಯಲ್ಲಿರುವ ವಸ್ತುವನ್ನು ತಾನೇ ಕೆಳಗಿಡಬಲ್ಲ ಮಗು. ನಂಬಿಕೆಯೊಂದರಿಂದಲೇ ಅಂಥ ಮಗು ಬೆಳೆಯುವುದೆಂದು ಅವರು ತಿಳಿದರು. ನಿಯಮವೊಂದರಿಂದಲೇ ಎಂದು ಇವರು ತಿಳಿದರು. ಎರಡೂ ಪಕ್ಷಗಳು ಮರೆಯಬಾರದಾದುದು ಹಿರಿಯರ ಸಾನ್ನಿಧ್ಯ. ಕುಡುಗೋಲನ್ನು ಕೊಟ್ಟ ತಂದೆ ಮಗನನ್ನು ಹೊಲದಲ್ಲಿ ಒಂಟಿಯಾಗಿ ಬಿಟ್ಟು ಬರಲಿಲ್ಲ. ಸಾಲಿನ ಕೊನೆಯವರೆಗೂ ಪಕ್ಕದಲ್ಲಿಯೇ ಬಗ್ಗಿ ಕೊಯ್ಯುತ್ತ ನಡೆದನು.